ಚಿತ್ರ ಚೆನ್ನಾಗಿದೆ, ಲಿಂಕ್ ತೆರೆಯುವುದಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಅನಿಮೇಷನ್, ಗ್ರಾಫಿಕ್ ಡಿಸೈನ್, ದೃಶ್ಯಕಲೆ ಓದಿದವರು ಕೆಲಸಕ್ಕೆ ಅರ್ಜಿ ಹಾಕಿದರೆ ಸ್ಟುಡಿಯೊದವರು ಅಂಕಪಟ್ಟಿಗಿಂತ ಮೊದಲು ಕೇಳುವುದು ಪೋರ್ಟ್‌ಫೋಲಿಯೊ ಲಿಂಕನ್ನು, ಅಂದರೆ ಆಯ್ದ ಕೆಲಸಗಳನ್ನು ತೋರಿಸುವ ಜಾಲಪುಟದ ವಿಳಾಸವನ್ನು. ಮಂಗಳೂರು, ಉಡುಪಿ, ಮಣಿಪಾಲದ ಕಡೆಯಿಂದ ಹೋಗುವ ಇಂಥ ಲಿಂಕುಗಳಲ್ಲಿ ಕೈಗುಣಕ್ಕೇನೂ ಕೊರತೆಯಿಲ್ಲ. ಕೆಲಸ ಕೆಡುವುದು ಚಿತ್ರ ಮುಗಿದ ಮೇಲೆ, ಅದನ್ನು ಜಾಲಕ್ಕೆ ಏರಿಸುವಾಗ. ಮೂರು ನಾಲ್ಕು ವರ್ಷ ಸಾಫ್ಟ್‌ವೇರ್ ಕಲಿಸುವ ತರಗತಿಗಳಲ್ಲಿ ಈ ಹಂತಕ್ಕೆ ಒಂದು ವಾರವೂ ಸಿಗುವುದಿಲ್ಲ. ಕೊನೆಯ ಸೆಮಿಸ್ಟರಿಗೆ ಬಂದವರಿಗೂ ಅವರ ಅಧ್ಯಾಪಕರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇವೆ. ಪತ್ರ ತುಸು ಉದ್ದವಾಗಿದೆ, ಮನ್ನಿಸಬೇಕು.

ಮೊದಲನೆಯದಾಗಿ, ಗೂಗಲ್ ಡ್ರೈವ್ ಫೋಲ್ಡರಿನ ಲಿಂಕ್ ಪೋರ್ಟ್‌ಫೋಲಿಯೊ ಅಲ್ಲ. ಎಷ್ಟೋ ಸಲ ಅದು ತೆರೆಯುವುದೂ ಇಲ್ಲ. ಫೋಲ್ಡರಿನ ಅನುಮತಿ 'ನಿರ್ಬಂಧಿತ' ಎಂದೇ ಉಳಿದಿದ್ದರೆ ನೋಡುವವರಿಗೆ ಕಾಣುವುದು ಅನುಮತಿ ಕೇಳುವ ಗುಂಡಿ ಮಾತ್ರ. ಅದನ್ನು ಒತ್ತಿ, ಉತ್ತರಕ್ಕೆ ಕಾಯುವ ಪುರುಸೊತ್ತು ಯಾರಿಗಿದೆ? ಕಳಿಸಿದವರ ಕಂಪ್ಯೂಟರಿನಲ್ಲಿ ಮಾತ್ರ ಅದು ಚೆನ್ನಾಗಿಯೇ ತೆರೆಯುತ್ತದೆ, ಏಕೆಂದರೆ ಅವರು ಅದೇ ಖಾತೆಯಲ್ಲಿ ಲಾಗಿನ್ ಆಗಿರುತ್ತಾರೆ. ಹಾಗಾಗಿ ಯಾವ ಲಿಂಕನ್ನೇ ಆಗಲಿ ಕಳಿಸುವ ಮುಂಚೆ ಬ್ರೌಸರಿನ ಇನ್‌ಕಾಗ್ನಿಟೊ (ಲಾಗಿನ್ ಇಲ್ಲದ) ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಬೇಕು. ಆಮೇಲೆ ಬೇರೆಯವರ ಫೋನಿನಲ್ಲಿ, ವೈಫೈ ಆರಿಸಿ, ಇನ್ನೊಮ್ಮೆ.

ಇನ್ನು ತೂಕದ ಲೆಕ್ಕ. ಫೋಟೊಶಾಪಿನಿಂದ ಹಾಗೆಯೇ ತೆಗೆದ 6 ಎಂಬಿಯ 20 ಚಿತ್ರಗಳನ್ನು ಒಂದೇ ಪುಟಕ್ಕೆ ಹಾಕಿದರೆ 120 ಎಂಬಿ. ಸೆಕೆಂಡಿಗೆ 10 ಮೆಗಾಬಿಟ್ ಸಿಗುವ ಸಂಪರ್ಕದಲ್ಲಿ ಅದು ಪೂರ್ತಿ ಇಳಿಯಲು 96 ಸೆಕೆಂಡು ಬೇಕು. ಅವೇ ಕೆಲಸಗಳಲ್ಲಿ ಎಂಟನ್ನು ಆರಿಸಿ, ಒಂದೊಂದನ್ನು 300 ಕೆಬಿಗೆ ಇಳಿಸಿದರೆ ಒಟ್ಟು 2.4 ಎಂಬಿ, ಎರಡೇ ಸೆಕೆಂಡು. ಮಳೆಗಾಲದಲ್ಲಿ ಘಟ್ಟದ ಬಸ್ಸಿನಲ್ಲಿ ಕೂತು ನೋಡುವವರಿಗೆ ಈ 10 ಮೆಗಾಬಿಟ್ಟೂ ಸಿಗುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇಳಿಸುವುದು ಹೇಗೆ? ಉದ್ದನೆಯ ಬದಿ 1600ರಿಂದ 2000 ಪಿಕ್ಸೆಲ್ ಸಾಕು. ಪುಟದಲ್ಲಿ 800 ಪಿಕ್ಸೆಲ್ ಅಗಲದ ಜಾಗವಿದ್ದರೆ ಚಿತ್ರ 1600 ಇರಲಿ. ಈಗಿನ ಫೋನುಗಳ ಪರದೆಯಲ್ಲಿ ಪಿಕ್ಸೆಲ್‌ಗಳು ಒತ್ತೊತ್ತಾಗಿ ಇರುವುದರಿಂದ ಇಮ್ಮಡಿ ಕೊಟ್ಟರೆ ಗೆರೆ ಚೂಪಾಗಿ ಕಾಣುತ್ತದೆ, ಅದಕ್ಕಿಂತ ಹೆಚ್ಚು ಕೊಟ್ಟರೆ ಬರೀ ಭಾರ. ಪೇಂಟಿಂಗ್, ಫೋಟೊ, ತ್ರೀಡಿ ರೆಂಡರುಗಳಿಗೆ ಜೆಪಿಜಿ, ಗುಣಮಟ್ಟ 75ರಿಂದ 80. ಅಥವಾ ವೆಬ್‌ಪಿ, ಅದು ಸಾಮಾನ್ಯವಾಗಿ ಇನ್ನೂ ಹಗುರ. ಲೋಗೊ, ಕಾಮಿಕ್ ಪುಟ, ಸಪಾಟು ಬಣ್ಣದ ಚಿತ್ರಗಳಿಗೆ ಪಿಎನ್‌ಜಿ: ಅಂಥವನ್ನು ಜೆಪಿಜಿಯಲ್ಲಿ ಉಳಿಸಿದರೆ ಅಕ್ಷರದ ಅಂಚಿನ ಸುತ್ತ ಧೂಳು ಎದ್ದಂತೆ ಕಲೆಗಳು ಮೂಡುತ್ತವೆ. ಫೋಟೊಶಾಪ್ ಇಲ್ಲದವರು ಸ್ಕ್ವೂಶ್ ಎಂಬ ಉಚಿತ ಸಾಧನ ಬಳಸಬಹುದು. ಬ್ರೌಸರಿನಲ್ಲೇ ನಡೆಯುತ್ತದೆ, ನಡುವಿನ ಗೆರೆಯನ್ನು ಆಚೀಚೆ ಎಳೆದು ಕುಗ್ಗಿಸುವ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಹೋಲಿಸಿಕೊಳ್ಳಬಹುದು. ಒಂದು ಎಚ್ಚರ: ವಾಟ್ಸ್ಆ್ಯಪಿನಲ್ಲಿ ಬಂದ ಚಿತ್ರವನ್ನೇ ಎತ್ತಿ ಹಾಕಬೇಡಿ. ಅದು ದಾರಿಯಲ್ಲೇ ಒಮ್ಮೆ ಕುಗ್ಗಿರುತ್ತದೆ. ಗೆಳೆಯರಿಂದ ಚಿತ್ರ ತರಿಸಿಕೊಳ್ಳುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಇಲ್ಲೇ '300 ಡಿಪಿಐ' (ಇಂಚಿಗೆ 300 ಚುಕ್ಕಿ) ಎಂಬ ಮಂತ್ರದ ಬಗ್ಗೆಯೂ ಒಂದು ಮಾತು. ಎ3 ಹಾಳೆಗೆ 300 ಡಿಪಿಐ ಅಂದರೆ 3508×4961 ಪಿಕ್ಸೆಲ್, ಅದು ಮುದ್ರಣಾಲಯದ ಲೆಕ್ಕ. ಬ್ರೌಸರ್ ಡಿಪಿಐ ಎಂಬ ಅಂಕಿಯ ಕಡೆ ನೋಡುವುದೇ ಇಲ್ಲ, ಅದು ಎಣಿಸುವುದು ಪಿಕ್ಸೆಲ್ ಮಾತ್ರ. 72 ಎಂದು ಬರೆದರೂ 300 ಎಂದು ಬರೆದರೂ 1600 ಪಿಕ್ಸೆಲ್ ಚಿತ್ರ ಪರದೆಯ ಮೇಲೆ ಒಂದೇ ಥರ. ಸಣ್ಣ ಅಳತೆಯಲ್ಲಿ ಏರಿಸುವುದರಿಂದ ಇನ್ನೊಂದು ಲಾಭವೂ ಇದೆ. 1600 ಪಿಕ್ಸೆಲ್ ಚಿತ್ರವನ್ನು ಯಾರಾದರೂ ಕದ್ದು 300 ಡಿಪಿಐಯಲ್ಲಿ ನೀಟಾಗಿ ಮುದ್ರಿಸಿದರೆ ಅದು ಐದೂವರೆ ಇಂಚನ್ನೂ ಮುಟ್ಟುವುದಿಲ್ಲ. ಚಿತ್ರದ ಎದೆಯ ಮೇಲೆ ಅಡ್ಡಡ್ಡ ವಾಟರ್‌ಮಾರ್ಕ್ ಬಳಿಯುವುದಕ್ಕಿಂತ ಈ ಕಾವಲು ಮೇಲು. ಮೂಲೆಯಲ್ಲೊಂದು ಪುಟ್ಟ ಸಹಿ ಸಾಕು.

ಬಣ್ಣದ ಎಡವಟ್ಟು ಕಣ್ಣಿಗೆ ಬೇಗ ಬೀಳುತ್ತದೆ, ಕಾರಣ ಬೇಗ ಹೊಳೆಯುವುದಿಲ್ಲ. ಯಕ್ಷಗಾನದ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಬಣ್ಣದ ವೇಷವೊಂದನ್ನು ಬರೆದಿದ್ದಾರೆ ಎಂದುಕೊಳ್ಳಿ: ಮುಖದ ತುಂಬ ಕೆಂಪು, ಕಪ್ಪು, ಅಂಚಿಗೆ ಚುಟ್ಟಿಯ ಬಿಳಿ ಮುಳ್ಳುಗಳು. ಬರೆದವರ ಪರದೆಯಲ್ಲಿ ಕೆಂಪು ಉರಿಯುತ್ತದೆ, ಜಾಲಕ್ಕೆ ಹಾಕಿದ ಮೇಲೆ ನೀರು ಬೆರೆಸಿದ ಕುಂಕುಮದ ಹಾಗೆ ಪೇಲವ. ಫೈಲನ್ನು ಅಡೋಬಿ ಆರ್‌ಜಿಬಿ ಎಂಬ ಬೇರೆ ಬಣ್ಣದ ವ್ಯಾಪ್ತಿಯಲ್ಲಿ ಶುರು ಮಾಡಿದ್ದರೆ ಹೀಗಾಗುತ್ತದೆ. ಅಥವಾ ಫ್ಲೆಕ್ಸ್ ಅಂಗಡಿಗೆಂದು ಮುದ್ರಣದ ಬಣ್ಣಕ್ರಮವಾದ ಸಿಎಂವೈಕೆಗೆ ಬದಲಿಸಿದ್ದ ಅದೇ ಜೆಪಿಜಿಯನ್ನು ಜಾಲಕ್ಕೂ ಹಾಕಿರುತ್ತಾರೆ. ಜಾಲದ ಸಾಮಾನ್ಯ ಬಣ್ಣದ ವ್ಯಾಪ್ತಿ ಎಸ್‌ಆರ್‌ಜಿಬಿ. ಅಡೋಬಿ ಆರ್‌ಜಿಬಿಯ ಅಂಕಿಗಳನ್ನು ಎಸ್‌ಆರ್‌ಜಿಬಿ ಎಂದು ಓದಿದರೆ ಬಣ್ಣ ಸಪ್ಪೆಯಾಗುವುದು ಸಹಜ.

ಸರಿಪಡಿಸಲು ಫೋಟೊಶಾಪಿನ ಎಡಿಟ್ ಮೆನುವಿನಲ್ಲಿ ಎರಡು ಸಾಲುಗಳು ಪಕ್ಕಪಕ್ಕದಲ್ಲಿವೆ: 'ಅಸೈನ್ ಪ್ರೊಫೈಲ್', 'ಕನ್ವರ್ಟ್ ಟು ಪ್ರೊಫೈಲ್'. ಬೇಕಾದದ್ದು ಎರಡನೆಯದು. ಕನ್ವರ್ಟ್ ಮಾಡಿದರೆ ಕಣ್ಣಿಗೆ ಕಾಣುವ ಬಣ್ಣವನ್ನು ಆದಷ್ಟು ಹಾಗೇ ಉಳಿಸಿ ಒಳಗಿನ ಅಂಕಿಗಳನ್ನು ಬದಲಿಸುತ್ತದೆ. ಅಸೈನ್ ಮಾಡಿದರೆ ಅಂಕಿ ಹಾಗೇ ಇರುತ್ತದೆ, ಬಣ್ಣವೇ ಬದಲಾಗಿಬಿಡುತ್ತದೆ. ಎಕ್ಸ್‌ಪೋರ್ಟ್ ಮಾಡುವ ಕಿಟಕಿಯಲ್ಲಿ ಎಸ್‌ಆರ್‌ಜಿಬಿಗೆ ಬದಲಿಸು ಎಂಬ ಚೌಕಕ್ಕೂ ಪ್ರೊಫೈಲ್ ಸೇರಿಸು ಎಂಬ ಚೌಕಕ್ಕೂ ಗುರುತು ಹಾಕಿ. ಇಷ್ಟಾದ ಮೇಲೂ ಒಂದೊಂದು ಫೋನಿನಲ್ಲಿ ಕೆಂಪು ಒಂದೊಂದು ಥರ ಕಾಣುತ್ತದೆ. ಕೆಲವು ಫೋನುಗಳು ಬಣ್ಣವನ್ನು ಬೇಕೆಂದೇ ಗಾಢ ಮಾಡಿ ತೋರಿಸುತ್ತವೆ. ಅದಕ್ಕೆ ಮದ್ದಿಲ್ಲ, ತಲೆಕೆಡಿಸಿಕೊಳ್ಳಬೇಡಿ.

ಕನ್ನಡ ಅಕ್ಷರಗಳ ಅವಸ್ಥೆಯಂತೂ ನೋಡಲಾಗದು. ಪೋಸ್ಟರಿನಲ್ಲಿ 'ಯಕ್ಷಗಾನ' ಎಂದು ಟೈಪ್ ಮಾಡಿದರೆ 'ಯಕ್‌ಷಗಾನ' ಎಂದು ಒಡೆದು ಬರುತ್ತದೆ, 'ಕೃಷ್ಣ'ನ ಣ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ. ಟೆಕ್ಸ್ಟ್ ಎಂಜಿನ್ ಆರಿಸುವ ಅವಕಾಶವಿರುವ ಫೋಟೊಶಾಪ್ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ಎಂಬ ಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು 'ವರ್ಲ್ಡ್ ರೆಡಿ' ಎಂದು ಬದಲಿಸಬೇಕು (ಇನ್ನೂ ಹಳೆಯ ಆವೃತ್ತಿಗಳಲ್ಲಿ ಇದೇ 'ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್' ಎಂಬ ಹೆಸರಿನಲ್ಲಿತ್ತು). ಬದಲಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆದು, ಹೊಸ ಫೈಲಿನಲ್ಲಿ ಟೈಪ್ ಮಾಡಿ. ಪರೀಕ್ಷೆಗೆ ಊರಿನ ಹೆಸರು ಬರೆದು ಸಮಾಧಾನಪಟ್ಟುಕೊಳ್ಳುವುದೂ ಉಂಟು. ಮಂಗಳೂರು, ಉಡುಪಿ, ಮಣಿಪಾಲ, ಕುಂದಾಪುರ ಇವುಗಳಲ್ಲಿ ಒಂದರಲ್ಲೂ ಒತ್ತಕ್ಷರವಿಲ್ಲ ನೋಡಿ, ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಸುರತ್ಕಲ್ ಎಂದು ಬರೆದರೆ ಬಣ್ಣ ಬಯಲಾಗುತ್ತದೆ.

ಜಾಲತಾಣದ ಪಠ್ಯದಲ್ಲಿ ಕನ್ನಡ ಬಳಸುವುದಾದರೆ ಯೂನಿಕೋಡ್ ಅಲ್ಲದೆ ಬೇರೆ ದಾರಿಯಿಲ್ಲ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಸಾಲನ್ನು ಹಾಗೇ ಅಂಟಿಸಿದರೆ, ಆ ಫಾಂಟ್ ಇಲ್ಲದವರ ಪರದೆಯಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ, ಏಕೆಂದರೆ ಒಳಗೆ ಶೇಖರವಾಗಿರುವುದು ಅದೇ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ ಮುಂತಾದವು ಉಚಿತವಾಗಿವೆ. ಸಾಲಿನ ಎತ್ತರ ಇಂಗ್ಲಿಷಿಗೆ 1.4 ಸಾಕಾದರೆ ಕನ್ನಡಕ್ಕೆ 1.6ರಿಂದ 1.7 ಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬಿಳಿಯ ಮೇಲೆ ತೆಳು ಬೂದು ಅಕ್ಷರದ ಫ್ಯಾಷನ್ ಬಿಡಿ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅಂತರ ಇರಬೇಕೆಂಬುದು ಜಾಲದ ಅಂಗೀಕೃತ ಮಾನದಂಡ, ಅಳೆದು ಹೇಳುವ ಉಚಿತ ಸಾಧನಗಳು ಬೇಕಾದಷ್ಟಿವೆ.

ಈಗ ಮುಖ್ಯವಾದದ್ದು, ಏನನ್ನು ಹಾಕಬೇಕು. ಮೊದಲ ವರ್ಷದ ಸ್ಟಿಲ್ ಲೈಫಿನಿಂದ ಹಿಡಿದು ಫ್ಯಾನ್ ಆರ್ಟ್‌ವರೆಗೆ ಎಲ್ಲವನ್ನೂ ಸುರಿಯುವ ಅಭ್ಯಾಸವಿದೆ. ಆರರಿಂದ ಎಂಟು ಕೆಲಸ ಸಾಕು, ಮೊದಲನೆಯದೇ ಎಲ್ಲಕ್ಕಿಂತ ಒಳ್ಳೆಯದಾಗಿರಲಿ. ಮಠದ ಊಟದಲ್ಲಾದರೆ ಕೊನೆಯ ಪಾಯಸಕ್ಕೆ ಕಾಯಬಹುದು, ಇಲ್ಲಿ ಯಾರೂ ಕಾಯುವುದಿಲ್ಲ. ದುರ್ಬಲ ಕೆಲಸವೊಂದು ಉಳಿದ ಏಳನ್ನೂ ಕೆಳಗೆಳೆಯುತ್ತದೆ. 'ಇದು ಒಳ್ಳೆಯದೆಂದು ಇವರಿಗೆ ಅನ್ನಿಸಿತೇ' ಎಂಬ ಅನುಮಾನ ಬಂದರೆ ಮುಗಿಯಿತು. ಪಾತ್ರ ವಿನ್ಯಾಸದ ಹುದ್ದೆಗೆ ಅರ್ಜಿ ಹಾಕುವವರು ಮದುವೆ ಆಮಂತ್ರಣದ ವಿನ್ಯಾಸವನ್ನು ಮೊದಲ ಪುಟದಲ್ಲಿ ಇಡಬಾರದು. ಎರಡೂ ಬರುತ್ತದೆಂದರೆ ಎರಡು ಬೇರೆ ಪುಟ ಮಾಡಿ, ಆಯಾ ಲಿಂಕನ್ನೇ ಕಳಿಸಿ.

ಪ್ರತಿ ಕೆಲಸಕ್ಕೂ ತನ್ನದೇ ಪುಟ ಇರಬೇಕು, ಅದರಲ್ಲಿ ಕೆಲಸ ಬೆಳೆದ ದಾರಿ ಕಾಣಬೇಕು. ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಮುಂಡಾಸನ್ನು ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರಿನಲ್ಲಿ ಮಾಡಿದ್ದಾರೆ ಎನ್ನೋಣ. ಬರೀ ಮಿನುಗುವ ಕೊನೆಯ ರೆಂಡರ್ ಹಾಕಿದರೆ ಅದು ಇನ್ನೊಂದು ಚಂದದ ಚಿತ್ರ, ಅಷ್ಟೆ. ಅದರ ಕೆಳಗೆ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಕೂತು ಪೆನ್ಸಿಲಿನಲ್ಲಿ ಮಾಡಿಕೊಂಡ ಟಿಪ್ಪಣಿ, ಬಟ್ಟೆಯನ್ನು ಯಾವ ಕ್ರಮದಲ್ಲಿ ಸುತ್ತುತ್ತಾರೆ, ಜರಿಪಟ್ಟಿ ಎಲ್ಲಿ ತಿರುಗುತ್ತದೆ ಎಂಬ ಎರಡು ಗೆರೆಚಿತ್ರ. ಆಮೇಲೆ ಬಣ್ಣವಿಲ್ಲದ ಬೂದು ಮಾದರಿ, ಅದರ ಗೆರೆಗಳ ಬಲೆಯನ್ನಷ್ಟೇ ತೋರಿಸುವ ವೈರ್‌ಫ್ರೇಮ್. ಅದರ ಬದಿಯಲ್ಲಿ ತ್ರಿಕೋನಗಳ ಸಂಖ್ಯೆ, ಟೆಕ್ಸ್ಚರ್ ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರದ ಅಳತೆ (2048×2048 ಎಂದೋ ಏನೋ), ಬಳಸಿದ ಸಾಫ್ಟ್‌ವೇರ್. ಒಂದು ವಾಕ್ಯದಲ್ಲಿ ಎಲ್ಲಿ ತೊಡಕಾಯಿತು, ಹೇಗೆ ಬಿಡಿಸಿದಿರಿ. ಗೇಮ್ ಸ್ಟುಡಿಯೊದವರು ಮೊದಲು ಹುಡುಕುವುದೇ ಆ ವೈರ್‌ಫ್ರೇಮನ್ನು. ಇನ್ನು ಬಡಗಿನ ಮುಂಡಾಸು ಎಂದು ಹೆಸರು ಕೊಟ್ಟು ತೆಂಕಿನ ಕಿರೀಟ ತೋರಿಸಿದರೆ ಬೆಂಗಳೂರಿನವರು ಸುಮ್ಮನಿರಬಹುದು, ನಮ್ಮೂರಿನ ಅಜ್ಜಂದಿರು ಬಿಡುವುದಿಲ್ಲ.

ಊರಿನ ವಸ್ತುಗಳಿಗೆ ಎರಡು ಸಾಲಿನ ವಿವರಣೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಕಾವಿ ಕಲೆಯಿಂದ ಪ್ರೇರಿತ ಎಂದಷ್ಟೇ ಬರೆದರೆ ಹೊರಗಿನವರಿಗೆ ತಿಳಿಯದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಹಸಿಯಿರುವಾಗಲೇ ಕೊರೆದು ಕೆಳಗಿನ ಬಿಳಿಯನ್ನು ತೋರಿಸುವ ಕರಾವಳಿಯ ಭಿತ್ತಿಕಲೆ ಎಂದು ಹೇಳಿದರೆ, ನಿಮ್ಮ ಪೋಸ್ಟರಿನಲ್ಲಿ ಎರಡೇ ಬಣ್ಣ ಏಕಿದೆ ಎಂಬುದಕ್ಕೂ ಉತ್ತರ ಸಿಕ್ಕಿತು.

ಚಿತ್ರ ಬರೆಯುವ ಸಾಫ್ಟ್‌ವೇರುಗಳ ಪೈಕಿ ಪ್ರೊಕ್ರಿಯೇಟ್ ಬಳಸುವವರಿಗೆ ಟೈಮ್‌ಲ್ಯಾಪ್ಸ್ (ಚಿತ್ರ ಮೂಡಿದ ಬಗೆಯ ವೇಗದ ವಿಡಿಯೊ) ತಾನೇ ದಾಖಲಾಗುತ್ತದೆ. ಕ್ರಿಟಾದಲ್ಲಿ ರೆಕಾರ್ಡರನ್ನು ಮೊದಲೇ ಚಾಲೂ ಮಾಡಿಟ್ಟಿರಬೇಕು, ಚಿತ್ರ ಮುಗಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಅನಿಮೇಷನ್ ಶೋರೀಲ್ (ಆಯ್ದ ತುಣುಕುಗಳ ವಿಡಿಯೊ) 60ರಿಂದ 90 ಸೆಕೆಂಡು ದಾಟಬಾರದು. ಹೆಸರು ತಿರುಗುತ್ತಾ ಬರುವ ಹತ್ತು ಸೆಕೆಂಡಿನ ಪೀಠಿಕೆ ಬೇಡವೇ ಬೇಡ. ಯೂಟ್ಯೂಬ್ ಅಥವಾ ವಿಮಿಯೊದಲ್ಲಿ ಏರಿಸಿ ಪುಟದಲ್ಲಿ ಕೂಡಿಸಿ. ಪುಟ ತೆರೆದ ಕೂಡಲೇ ಸಂಗೀತ ಮೊಳಗುವ ಹಾಗೆ ಮಾಡಬೇಡಿ, ನೋಡುವವರು ಕಚೇರಿಯಲ್ಲಿರುತ್ತಾರೆ.

ಗುಂಪಿನ ಕೆಲಸದಲ್ಲಿ ಯಾರದ್ದೇನು ಎಂದು ಬರೆಯದಿರುವುದು ದೊಡ್ಡ ತಪ್ಪು. 'ಮುಖದ ರಿಗ್ಗಿಂಗ್ (ಚಲನೆಗೆ ಬೇಕಾದ ಒಳಗಿನ ಹಂದರ) ಮತ್ತು 12ರಿಂದ 20ನೇ ಶಾಟ್ ನನ್ನದು, ಹಿನ್ನೆಲೆ ಸಹಪಾಠಿಯದು' ಎಂದು ಸ್ಪಷ್ಟವಾಗಿ ಹಾಕಿ. ಅದೇ ತರಗತಿಯ ನಾಲ್ಕು ಜನ ಒಂದೇ ಕಿರುಚಿತ್ರವನ್ನು ಪೂರ್ತಿ ತಮ್ಮದೆಂದು ಒಂದೇ ಸ್ಟುಡಿಯೊಗೆ ಕಳಿಸಿದರೆ ನಾಲ್ವರ ಮೇಲೂ ನಂಬಿಕೆ ಹೋಗುತ್ತದೆ. ಎಐ ಸಾಧನ ಎಲ್ಲಿ ಬಳಸಿದಿರಿ ಎಂಬುದನ್ನೂ ಮುಚ್ಚಿಡಬೇಡಿ. ಸಂದರ್ಶನದಲ್ಲಿ ಪದರಗಳಿರುವ ಮೂಲ ಫೈಲ್ ತೋರಿಸಿ ಅಂದಾಗ ಸಿಕ್ಕಿಬೀಳುವುದಕ್ಕಿಂತ ಮೊದಲೇ ಹೇಳುವುದು ಸುಲಭ.

ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಕಲಾವಿದರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದು ಉಳಿಯುತ್ತದೆ. ಆದರೆ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಹಕ್ಕುದಾರ ಮಾಲೀಕ. ಹಾಗಾಗಿ ಇಂಟರ್ನ್‌ಶಿಪ್‌ನಲ್ಲಿ ಮಾಡಿದ್ದನ್ನು ಹಾಕುವ ಮೊದಲು ಆ ಸಂಸ್ಥೆಯ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದು ಇಟ್ಟುಕೊಳ್ಳಿ. ಬೇರೆಯವರು ತೆಗೆದ ವೇಷದ ಫೋಟೊದ ಮೇಲೆ ಟ್ರೇಸ್ ಮಾಡಿ 'ನನ್ನ ಡಿಜಿಟಲ್ ಪೇಂಟಿಂಗ್' ಎನ್ನುವುದು ಇಲ್ಲಿ ತುಂಬ ನಡೆಯುತ್ತಿದೆ. ಫೋಟೊಗ್ರಾಫರಿಗೂ ಅದೇ ಕಾಯ್ದೆಯ ಹಕ್ಕಿದೆ. ದೈವಗಳ ಚಿತ್ರಗಳ ವಿಷಯದಲ್ಲಿ ಕಾಯ್ದೆಗಿಂತ ಆಚೆಗಿನ ಮಾತೊಂದಿದೆ: ಕೋಲದ ಮುಖವರ್ಣಿಕೆಯನ್ನು ಗೇಮಿನ ವಿಲನ್ ಮಾಡುವ ಮೊದಲು ಆ ದೈವಸ್ಥಾನದವರನ್ನು, ಕೋಲ ಕಟ್ಟುವವರನ್ನು ಕೇಳಿ. ಬೇಡ ಎಂದರೆ ಬಿಟ್ಟುಬಿಡಿ. ಬರೆಯಲು ಬೇರೆ ಸಾವಿರ ಇದೆ.

ಪೋರ್ಟ್‌ಫೋಲಿಯೊ ಎಲ್ಲಿ ಇರಬೇಕು? ಬಿಹ್ಯಾನ್ಸ್, ಆರ್ಟ್‌ಸ್ಟೇಷನ್, ಇನ್‌ಸ್ಟಾಗ್ರಾಂ ಎಲ್ಲವೂ ಇರಲಿ, ಜನ ಸಿಗುವುದು ಅಲ್ಲೇ. ಆದರೆ ಬಾಡಿಗೆ ಮನೆ ಬಾಡಿಗೆ ಮನೆಯೇ. ಒಂದು ಕಾಲದ ಅಚ್ಚುಮೆಚ್ಚಿನ ಫ್ಲ್ಯಾಶ್ ತಂತ್ರಜ್ಞಾನಕ್ಕೆ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಾಗ ಅದರಲ್ಲೇ ಕಟ್ಟಿದ್ದ ಪೋರ್ಟ್‌ಫೋಲಿಯೊಗಳೂ ಮುಚ್ಚಿಹೋದವು. ಅಡೋಬಿ ಪೋರ್ಟ್‌ಫೋಲಿಯೊ ಕ್ರಿಯೇಟಿವ್ ಕ್ಲೌಡ್ ಚಂದಾದ ಜೊತೆ ಬರುತ್ತದೆ, ವಿದ್ಯಾರ್ಥಿ ರಿಯಾಯಿತಿಯ ಚಂದಾ ನಿಂತರೆ ತಾಣವೂ ನಿಲ್ಲುತ್ತದೆ. ನಿಮ್ಮದೇ ಹೆಸರಿನ ಒಂದು ಡೊಮೈನ್ (ಜಾಲವಿಳಾಸ) ಕೊಳ್ಳಿ. ಮೊದಲ ವರ್ಷದ ಕೊಡುಗೆಯ ಬೆಲೆ ನೋಡಿ ಮರುಳಾಗದೆ, ಎರಡನೇ ವರ್ಷದ ನವೀಕರಣಕ್ಕೆ ಎಷ್ಟು ಎಂದು ಕೇಳಿಕೊಳ್ಳಿ. ಗಿಟ್‌ಹಬ್ ಪೇಜಸ್‌ನಲ್ಲಿ ಸರಳ ತಾಣವನ್ನು ಬಿಟ್ಟಿಯಾಗಿ ಇಡಬಹುದು. ತಾಣಕ್ಕೆ 1 ಜಿಬಿ ಮಿತಿ, ಮೇಲಿನ ಲೆಕ್ಕದ ಪ್ರಕಾರ ಅದು ಧಾರಾಳವಾಯಿತು.

ಅಲ್ಲೊಂದು ಕಾಣದ ಹೊಂಡ ಇದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಚಿತ್ರ ಕಾಣುತ್ತದೆ, ಏರಿಸಿದ ಮೇಲೆ ಅರ್ಧ ಮಾಯ. ವಿಂಡೋಸಿಗೆ ಫೈಲ್ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ, ತಾಣ ಇರುವ ಸರ್ವರ್ ಕಂಪ್ಯೂಟರಿಗೆ ಅವು ಸಾಮಾನ್ಯವಾಗಿ ಬೇರೆ ಬೇರೆ. ಕ್ಯಾಮೆರಾ ಜೆಪಿಜಿ ಎಂಬ ಬಾಲವನ್ನು ದೊಡ್ಡಕ್ಷರದಲ್ಲಿ ಹಾಕಿರುತ್ತದೆ, ನೀವು ಕೋಡಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೀರಿ. ಎಲ್ಲ ಫೈಲಿಗೂ ಸಣ್ಣಕ್ಷರ, ನಡುವೆ ಖಾಲಿ ಜಾಗದ ಬದಲು ಅಡ್ಡಗೆರೆ, ಇಷ್ಟು ನೇಮ ಇಟ್ಟುಕೊಂಡರೆ ಈ ಕಾಟವಿಲ್ಲ.

ಪುಟವನ್ನು ಮೊದಲು 360 ಪಿಕ್ಸೆಲ್ ಅಗಲಕ್ಕೆ ವಿನ್ಯಾಸ ಮಾಡಿ, ಆಮೇಲೆ ದೊಡ್ಡ ಪರದೆಗೆ ಹಿಗ್ಗಿಸಿ. ಚಿತ್ರದ ಮೇಲೆ ಮೌಸ್ ಇಟ್ಟಾಗ ಮಾತ್ರ ಹೆಸರು ಕಾಣುವ ಟೆಂಪ್ಲೇಟುಗಳಿವೆ. ಫೋನಿನಲ್ಲಿ ಮೌಸ್ ಎಲ್ಲಿಂದ ಬರಬೇಕು? ಹೆಸರು ಚಿತ್ರದ ಕೆಳಗೇ ಇರಲಿ. ಚಿತ್ರದ ಅಗಲ, ಎತ್ತರವನ್ನು ಕೋಡಿನಲ್ಲೇ ನಮೂದಿಸಿದರೆ ಪುಟ ತೆರೆಯುವಾಗ ಕುಪ್ಪಳಿಸುವುದಿಲ್ಲ. ಲಿಂಕನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದಾಗ ಜೊತೆಗೆ ಕಾಣುವ ಚಿತ್ರವನ್ನೂ ನೀವೇ ಗೊತ್ತುಮಾಡಬಹುದು: 1200×630 ಪಿಕ್ಸೆಲ್, 300 ಕೆಬಿಯೊಳಗೆ.

ಕೊನೆಗೆ ಬಯೋಡೇಟಾ. ಜನ್ಮದಿನಾಂಕ, ತಂದೆಯ ಹೆಸರು, ಮನೆ ವಿಳಾಸ, ಮೊಬೈಲ್ ಸಂಖ್ಯೆ ಎಲ್ಲ ಇರುವ ಪಿಡಿಎಫನ್ನು ಬಹಿರಂಗವಾಗಿ ತೂಗಿಹಾಕುವುದು ಅಪಾಯ. ಊರಿನ ಹೆಸರು, ಇಮೇಲ್, ಕಲಿತ ವಿಷಯ, ಬಳಸುವ ಸಾಫ್ಟ್‌ವೇರ್ ಸಾಕು. ಫೋನಿನಲ್ಲಿ ತೆಗೆದ ಸ್ಕೆಚ್‌ಪುಸ್ತಕದ ಫೋಟೊದೊಳಗೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶ ಅಡಗಿರಬಹುದು, ಎಕ್ಸ್‌ಪೋರ್ಟ್ ಮಾಡುವಾಗ ಮೆಟಾಡೇಟಾ ಎಂಬ ಈ ಅಡಗಿದ ಮಾಹಿತಿಯನ್ನು ತೆಗೆದುಹಾಕಿ. ಸಂಪರ್ಕದ ಫಾರ್ಮ್ ಹಾಕಿದ್ದರೆ ತಿಂಗಳಿಗೊಮ್ಮೆ ನಿಮಗೆ ನೀವೇ ಸಂದೇಶ ಕಳಿಸಿ ನೋಡಿ. ಅದು ಕೆಟ್ಟರೆ ಸದ್ದಿಲ್ಲದೆ ಕೆಡುತ್ತದೆ.

ಕಾಲೇಜುಗಳಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಪೋರ್ಟ್‌ಫೋಲಿಯೊವನ್ನು ಪ್ರೊಜೆಕ್ಟರಿನಲ್ಲಿ ನೋಡಿ ಅಂಕ ಕೊಡುವ ಬದಲು, ಮೌಲ್ಯಮಾಪನದ ದಿನ ಅಧ್ಯಾಪಕರು ತಮ್ಮ ಸ್ವಂತ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ತೆರೆಯಲಿ. ಅದನ್ನು ಕೊನೆಯ ಸೆಮಿಸ್ಟರಿಗೆ ಬಿಡದೆ ಎರಡನೇ ವರ್ಷದಿಂದಲೇ ಶುರು ಮಾಡಲಿ. ಹಾಗೆಯೇ ಕಾಲೇಜು ಕೊಟ್ಟ ಇಮೇಲ್‌ನಿಂದ ಡೊಮೈನ್, ಗಿಟ್‌ಹಬ್, ಬಿಹ್ಯಾನ್ಸ್ ಖಾತೆ ತೆರೆದಿರುವ ವಿದ್ಯಾರ್ಥಿಗಳು ಓದು ಮುಗಿಯುವ ಮೊದಲೇ ಅವನ್ನೆಲ್ಲ ಸ್ವಂತ ಇಮೇಲ್‌ಗೆ ಬದಲಿಸಿಕೊಳ್ಳುವಂತೆ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಲಿ. ಆ ಇಮೇಲ್ ಮುಚ್ಚಿದ ಮೇಲೆ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ಕೊಂಡಿಯೂ ಮುಚ್ಚಿದ ಅಂಚೆಪೆಟ್ಟಿಗೆಗೇ ಹೋಗಿ ಬೀಳುತ್ತದೆ.

— ಡಿಜಿಟಲ್ ಕಲೆ ಕಲಿಸುವ ಇಬ್ಬರು ಅಧ್ಯಾಪಕರು, ಮಂಗಳೂರು